ಹುಲ್ಲು ಕೊಯ್ದ್ರೆ ಹುಳ ಎಲ್ಲಿಗೆ ಹೋಗುತ್ತೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಕಲ್ಲೆತ್ತಿದ್ರೆ ಸರ್ರನೆ ಓಡಿಹೋಗೋ ಕಪ್ಪು ನೆಲದ ಜೀರುಂಡೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ನಾಲ್ಕೇ ಸಾಲು. ಅದಕ್ಕೆ ಬಂದ ಪತ್ರ, ವಾಟ್ಸಾಪ್ ಮೆಸೇಜ್ ನೋಡಿ ಈ ಸಲದ ಕಾಲಂ ಪೂರ್ತಿ ಅದಕ್ಕೇ ಬಿಟ್ಕೊಟ್ಟಿದೀನಿ. ಜಿರಳೆ, ಸೊಳ್ಳೆ ಬಗ್ಗೆ ಕೇಳಿದವರು ಒಂದು ತಿಂಗಳು ಕಾಯಬೇಕು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸಾರ್ ನಮಸ್ಕಾರ. ನನ್ನ ಮಗಳು ಸ್ಕಾಟ್ಲೆಂಡಲ್ಲಿ ಎಂಎಸ್ಸಿ ಮಾಡ್ತಿದಾಳೆ. ವಿಡಿಯೋ ಕಾಲ್ ಮಾಡಿದಾಗೆಲ್ಲ ಯಾವುದೋ ಕುರಿ ಹೊಲದಲ್ಲಿ ಮೊಣಕಾಲೂರಿ ಕೂತು ಪ್ಲಾಸ್ಟಿಕ್ ಲೋಟ ಹೂಳ್ತಿರ್ತಾಳೆ. ಅದ್ರಲ್ಲಿ ಬೀಳೋ ಕಪ್ಪು ಹುಳ ಎಣಿಸೋದೇ ಪ್ರಾಜೆಕ್ಟಂತೆ. ಲೋನ್ ತೆಗೆದು ಕಳಿಸಿದ್ದು ಇದಕ್ಕಾ ಅಂತ ನಮ್ಮ ಯಜಮಾನ್ರು ದಿನಾ ಗೊಣಗ್ತಾರೆ. ಮೊನ್ನೆ ಅವಳೇ ಹೇಳಿದ್ಲು, ಗೊಬ್ಬರ ಹಾಕಿ ಬೆಳೆಸಿದ ಹುಲ್ಲಲ್ಲಿ ಲೋಟದ ತುಂಬ ಹುಳ ಸಿಕ್ತು, ಗುಡ್ಡದ ಮೇಲಿನ ಹಳೇ ಹುಲ್ಲಲ್ಲಿ ಕಮ್ಮಿ ಅಂತ. ಹಾಗಾದ್ರೆ ಗೊಬ್ಬರ ಹಾಕೋದೇ ಹುಳಕ್ಕೂ ಒಳ್ಳೇದು ಅಂತಾಯ್ತಲ್ಲ, ಇನ್ನೇನು ಎಣಿಸೋದು? – ಹಾಸನದಿಂದ ಒಬ್ಬ ತಾಯಿ

ಉತ್ತರ: ಅಮ್ಮಾ, ಮೊದಲು ಯಜಮಾನ್ರಿಗೆ ಸಮಾಧಾನ ಹೇಳಿ. ಲೋಟ ಹೂಳೋದು ಹುಡುಗಾಟ ಅಲ್ಲ, ಈ ವಿದ್ಯೆಗೆ ತೊಂಬತ್ತು ವರ್ಷ ದಾಟಿದೆ. 1931ರಲ್ಲಿ ಬಾರ್ಬರ್ ಅನ್ನೋ ಅಮೆರಿಕದ ಕೀಟತಜ್ಞ ಗುಹೆ ಒಳಗಿನ ಹುಳ ಹಿಡಿಯೋಕೆ ಇಂಥ ಬಲೆ ಬಗ್ಗೆ ಬರೆದ, ಅದಕ್ಕೇ ಯುರೋಪಲ್ಲಿ ಇವತ್ತಿಗೂ ಇದನ್ನ ಬಾರ್ಬರ್ ಟ್ರ್ಯಾಪ್ ಅಂತಾರೆ, ಕಟಿಂಗ್ ಶಾಪಿಗೂ ಇದಕ್ಕೂ ಸಂಬಂಧ ಇಲ್ಲ. ಲೋಟದ ಬಾಯಿ ನೆಲದ ಮಟ್ಟಕ್ಕೆ ಸರಿಯಾಗಿ ಕೂರಬೇಕು, ಅಕ್ಕಿಕಾಳಿನಷ್ಟು ಮೇಲೆದ್ರೂ ಚಿಕ್ಕ ಹುಳ ಅದನ್ನ ಗೋಡೆ ಅಂದ್ಕೊಂಡು ಸುತ್ತಿ ಹೋಗ್ಬಿಡುತ್ತೆ. ನಿಮ್ಮ ಮಗಳು ಮೊಣಕಾಲೂರಿ ಕೂರೋದು ಅದಕ್ಕೇ, ಬೆರಳಲ್ಲಿ ಮಣ್ಣು ಒತ್ತಿ ಒತ್ತಿ ಸಮ ಮಾಡಬೇಕು. ತಳದಲ್ಲಿ ಕಾರಿನ ರೇಡಿಯೇಟರ್‌ಗೆ ಹಾಕೋ ಥರದ ದ್ರವ ಸ್ವಲ್ಪ, ಹುಳ ಕೊಳೀಬಾರ್ದು ಅಂತ. ಮೇಲೆ ಮಳೆಗೆ ಒಂದು ಮುಚ್ಚಳ, ಸೊಂಡಿಲಿ ಇಲಿ ಬೀಳಬಾರ್ದು ಅಂತ ತಂತಿ ಜಾಲರಿ. ಎರಡು ವಾರಕ್ಕೊಮ್ಮೆ ಹೋಗಿ ಸೋಸಿ ತರೋದು. ಸ್ಕಾಟ್ಲೆಂಡ್ ಮಳೇಲಿ ಅದು ಸುಖದ ಕೆಲಸ ಏನಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರ್ತೀನಿ. ಇಲ್ಲೇ ಎಲ್ಲರೂ ಎಡವೋದು. ಲೋಟಕ್ಕೆ ಬಿದ್ದ ಹುಳ ಹೊಲದಲ್ಲಿರೋ ಹುಳದ ಜನಗಣತಿ ಅಲ್ಲ, ರಾತ್ರಿ ಹೊತ್ತು ಅಲ್ಲಿ ಎಷ್ಟು ಓಡಾಟ ಇತ್ತು ಅನ್ನೋದರ ಲೆಕ್ಕ. ಕುರಿ ಮೇದು ನುಣ್ಣಗಾದ ಹೊಲ ಈ ಹುಳಕ್ಕೆ ಟಾರ್ ರೋಡ್ ಇದ್ದಂಗೆ, ನಾಲ್ಕು ಹೆಜ್ಜೆ ಇಡೋ ಕಡೆ ನಲವತ್ತು ಹೆಜ್ಜೆ ಓಡುತ್ತೆ, ಲೋಟಕ್ಕೆ ಬೀಳುತ್ತೆ. ಗುಡ್ಡದ ದಟ್ಟ ಹುಲ್ಲಲ್ಲಿ ಬುಡ ಬುಡಕ್ಕೂ ಬಳಸ್ಕೊಂಡು ಹೋಗಬೇಕು, ಅಷ್ಟೇ ಹುಳ ಇದ್ರೂ ಕಮ್ಮಿ ಬೀಳುತ್ತೆ. ಲೋಟದ ಸುತ್ತ ಇರೋ ಹುಲ್ಲೇ ಲೆಕ್ಕ ಕೆಡಿಸುತ್ತೆ ಅಂತ ಗ್ರೀನ್‌ಸ್ಲೇಡ್ ಅನ್ನೋರು 1964ರಲ್ಲೇ ತೋರಿಸಿದ್ರು. ಹಾಗಾಗಿ ಜಾಸ್ತಿ ಬಿತ್ತು, ಕಮ್ಮಿ ಬಿತ್ತು ಅನ್ನೋ ಮಾತಿಗೆ ನಾನು ಅರ್ಧ ಕಿವಿ ಮಾತ್ರ ಕೊಡೋದು. ಯಾರು ಬಿದ್ರು ಅನ್ನೋದು ಕೇಳಿ.

ನಿಮ್ಮ ಮಗಳಿಗೆ ಹೇಳಿ, ಎರಡು ಬಿಳೀ ತಟ್ಟೇಲಿ ಎರಡು ಲೋಟ ಸುರಿದು ಕ್ಯಾಮೆರಾ ಮುಂದೆ ಹಿಡಿ ಅಂತ. ಗೊಬ್ಬರದ ಹೊಲದ ತಟ್ಟೇಲಿ ಹೆಚ್ಚುಕಮ್ಮಿ ಒಂದೇ ಸೈಜಿನ ಕಪ್ಪು ಹುಳ ರಾಶಿ ಇರುತ್ತೆ, ಕಿರುಬೆರಳ ಉಗುರಿನಷ್ಟು ದೊಡ್ಡವು, ಅದ್ರಲ್ಲಿ ಬಹುಪಾಲು ನೆಬ್ರಿಯಾ ಬ್ರೆವಿಕಾಲಿಸ್ ಅಥವಾ ಟೆರೊಸ್ಟಿಕಸ್ ಮೆಲನೇರಿಯಸ್ ಅನ್ನೋ ಎರಡೇ ಜಾತಿ ನೆಲದ ಜೀರುಂಡೆ ಇರಬಹುದು. ಜೊತೆಗೆ ಎಳ್ಳಿಗಿಂತ ಸ್ವಲ್ಪ ದೊಡ್ಡ ಬೆಂಬಿಡಿಯನ್ ಅನ್ನೋ ಪುಟ್ಟ ಜೀರುಂಡೆಗಳು, ಮತ್ತೆ ಲೊರಿಸೆರಾ ಅಂತ ಒಂದು, ಅದರ ಮೀಸೆ ತುಂಬ ಉದ್ದುದ್ದ ಕೂದಲು. ಆ ಕೂದಲು ಅಲಂಕಾರ ಅಲ್ಲ, ಬಲೆ. ಮಣ್ಣಲ್ಲಿ ಟಣ್ಣಂತ ಹಾರೋ ಸ್ಪ್ರಿಂಗ್‌ಟೇಲ್ ಅನ್ನೋ ಪುಟಾಣಿ ಜೀವಿ ಮೇಲೆ ಎರಡೂ ಮೀಸೆ ಮಡಚಿ ಪಂಜರದ ಹಾಗೆ ಹಾಕಿ ಹಿಡೀತದೆ. ನನಗೆ ಇದು ಬಹಳ ಇಷ್ಟದ ಹುಳ, ಅದಕ್ಕೇ ಇಷ್ಟು ಹೇಳಿದೆ.

ಗುಡ್ಡದ ತಟ್ಟೇಲಿ ಹುಳ ಕಮ್ಮಿ, ಆದ್ರೆ ಒಂದೊಂದು ಒಂದೊಂದು ಥರ. ಅದ್ರಲ್ಲಿ ಒಂದೋ ಎರಡೋ ಹೆಬ್ಬೆರಳ ಮೊದಲ ಗೆಣ್ಣಿನಷ್ಟು ದೊಡ್ಡದಿರುತ್ತೆ, ಕ್ಯಾರಾಬಸ್ ಕುಲದ್ದು. ಕ್ಯಾರಾಬಸ್ ವಯಲೇಸಿಯಸ್ ಸಿಕ್ರೆ ಬೆಳಕಿಗೆ ಓರೆ ಹಿಡಿದು ನೋಡೋಕೆ ಹೇಳಿ, ಮೈಯೆಲ್ಲ ಇದ್ದಿಲು ಕಪ್ಪು, ಅಂಚಲ್ಲಿ ಮಾತ್ರ ನೇರಳೆ ಬಣ್ಣದ ಗೆರೆ, ಕಂಚಿ ಸೀರೆ ಬಾರ್ಡರ್ ಥರ. ಇದು ಎರೆಹುಳ, ಸಿಂಬಳದ ಹುಳ ಹಿಡಿದು ಅದರ ಮೇಲೆ ತನ್ನ ಜೀರ್ಣರಸ ಕಕ್ಕಿ, ಕರಗಿದ್ಮೇಲೆ ಗಂಜಿ ಥರ ಹೀರ್ಕೊಳ್ಳುತ್ತೆ. ಊಟದ ಹೊತ್ತಲ್ಲಿ ಓದ್ತಿದ್ರೆ ಕ್ಷಮಿಸಿ.

ಈ ದೊಡ್ಡವರು ಕೆಳಗಿನ ಗೊಬ್ಬರದ ಹೊಲಕ್ಕೆ ಯಾಕೆ ಬರಲ್ಲ? ಮೊದಲನೇದು ರೆಕ್ಕೆ. ಕ್ಯಾರಾಬಸ್‌ಗಳಲ್ಲಿ ಹೆಚ್ಚಿನವಕ್ಕೆ ಹಾರೋಕಾಗಲ್ಲ, ಎಲ್ಲಿಗೆ ಹೋಗಬೇಕಿದ್ರೂ ನಡಿಗೆಯೇ. ವರ್ಷಾನುಗಟ್ಟಲೆ ಬದಲಾಗದ ಜಾಗದಲ್ಲಿ ರೆಕ್ಕೆ ಸಾಕೋದು ದಂಡದ ಖರ್ಚು, ಆ ಶಕ್ತೀಲಿ ಮೊಟ್ಟೆ ಇಡಬಹುದು. ಪದೇ ಪದೇ ಅಲ್ಲಾಡೋ ಜಾಗದಲ್ಲಿ ಹಾರಿ ಬಂದು ಹಾರಿ ಹೋಗೋರಿಗೇ ಅನುಕೂಲ. ಕೆಲವು ಜಾತೀಲಿ, ಟೆರೊಸ್ಟಿಕಸ್ ಮೆಲನೇರಿಯಸ್‌ನಲ್ಲೂ ಅಷ್ಟೇ, ಉದ್ದ ರೆಕ್ಕೆಯವು ಮೋಟು ರೆಕ್ಕೆಯವು ಎರಡೂ ಇರ್ತವೆ. ಎರಡನೇದು ಟೈಮು. ಇಂಗ್ಲೆಂಡಿನ ಉತ್ತರದ ಮೂರ್ ಹೌಸ್ ಅನ್ನೋ ಎತ್ತರದ ಜಾಗದಲ್ಲಿ ನೋಡಿದ್ರೆ ಕ್ಯಾರಾಬಸ್ ಗ್ಲಾಬ್ರೇಟಸ್ ಮೊಟ್ಟೆಯಿಂದ ಪ್ರಾಯಕ್ಕೆ ಬಂದು ಮೊಟ್ಟೆ ಇಡೋಕೆ ಎರಡು ವರ್ಷ ತಗೊಳುತ್ತೆ. ಸೈಲೇಜ್, ಅಂದ್ರೆ ನಮ್ಮ ಡೈರಿ ಕಡೆಯೋರು ರಸಮೇವು ಅಂತಾರಲ್ಲ, ಗೊಬ್ಬರದ ಹೊಲದಲ್ಲಿ ಅದಕ್ಕೆ ಅಂತ ಬೆಳೆಸೋ ಹುಲ್ಲನ್ನ ವರ್ಷಕ್ಕೆ ಎರಡು ಮೂರು ಸಲ, ಕೆಲವು ಕಡೆ ನಾಲ್ಕು ಸಲ ಕೊಯ್ತಾರೆ. ಪ್ರತಿ ಕೊಯ್ಲಾದ್ಮೇಲೆ ಸಗಣಿ ಬಗ್ಗಡ ಟ್ಯಾಂಕರಲ್ಲಿ ತಂದು ಹೊಡೀತಾರೆ, ಕೆಲವು ವರ್ಷಕ್ಕೊಮ್ಮೆ ಉತ್ತು ಹೊಸದಾಗಿ ರೈಗ್ರಾಸ್ ಅನ್ನೋ ಮೇವಿನ ಹುಲ್ಲು ಬಿತ್ತುತಾರೆ. ಎರಡು ವರ್ಷ ಮಣ್ಣಲ್ಲಿ ನೆಮ್ಮದಿ ಬೇಕಾದವನಿಗೆ ಅಲ್ಲಿ ಸಂಸಾರ ಹೂಡೋಕೆ ಆಗುತ್ತಾ ಹೇಳಿ.

ನೆಬ್ರಿಯಾ ನೋಡಿ, ಬಲು ಚಾಲಾಕಿ. ಬೇಸಿಗೆ ಶುರುವಲ್ಲಿ ಹೊರಗೆ ಬಂದು ಹೊಟ್ಟೆ ತುಂಬ ತಿಂದು ಬೇಸಿಗೆ ನಟ್ಟನಡುವೆ ಎಲ್ಲೋ ಮುದುಡಿ ಮಲಗಿಬಿಡುತ್ತೆ, ಶರತ್ಕಾಲದಲ್ಲಿ ಎದ್ದು ಮೊಟ್ಟೆ ಇಡುತ್ತೆ, ಮರಿ ಚಳಿಗಾಲ ಪೂರ್ತಿ ತಿಂದು ಬೆಳೆಯುತ್ತೆ. ಚಳಿಗಾಲದಲ್ಲಿ ಆ ಹೊಲಕ್ಕೆ ಕೊಯ್ಯೋ ಮಿಶಿನ್ ಇಳಿಯಲ್ಲ. ರೈತನ ಕ್ಯಾಲೆಂಡರ್ ನೋಡ್ಕೊಂಡೇ ಹುಟ್ಟಿದಂಗಿದೆ. ಹಾಗಾಗಿ ಗೊಬ್ಬರದ ಹೊಲದಲ್ಲಿ ಲೋಟ ತುಂಬೋದು ಇಂಥ ಒಂದೆರಡು ಜಾತಿ ಬಹುಮತದಿಂದ.

ಮೂರನೇ ಕಾರಣ ಹುಲ್ಲೇ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಿಂದ ಒಂದು ಹುಲ್ಲುಗಾವಲನ್ನ ಪಟ್ಟಿ ಪಟ್ಟಿ ಮಾಡಿ ಒಂದೊಂದಕ್ಕೆ ಒಂದೊಂದು ಗೊಬ್ಬರ ಹಾಕ್ತಾ ಬಂದಿದಾರೆ, ಇವತ್ತಿಗೂ ನಡೀತಿದೆ. ಏನೂ ಹಾಕದ ಪಟ್ಟೀಲಿ ಹುಲ್ಲು, ಹೂಗಿಡ ಸೇರಿ 40ರ ಹತ್ತಿರ ಜಾತಿ. ಅಮೋನಿಯಂ ಸಲ್ಫೇಟ್ ಸುರಿದ ಪಟ್ಟೀಲಿ ಎರಡೋ ಮೂರೋ. ಮೇಲಿನ ಚಾವಣಿ ಒಂದೇ ಥರ ಆದ್ರೆ ಕೆಳಗಿನ ನೆರಳು, ತೇವ, ಬೀಜ, ಮರೆ ಎಲ್ಲಾ ಒಂದೇ ಥರ ಆಗುತ್ತೆ, ಬೀಜ ತಿನ್ನೋ ಜೀರುಂಡೆಗೆ ಬೀಜವೇ ಇಲ್ಲ, ಯಾಕಂದ್ರೆ ಕಾಳು ಕಟ್ಟೋ ಮೊದಲೇ ಹುಲ್ಲು ಕೊಯ್ದಾಯ್ತು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಹೂಬಿಡೋ ಹಳೇ ಹುಲ್ಲುಗಾವಲು 1930ರ ದಶಕದಿಂದ ಐವತ್ತು ವರ್ಷದಲ್ಲಿ ನೂರಕ್ಕೆ 97 ಪಾಲು ಹೋಗಿದೆ. ಬ್ರಿಟನ್ನಿನ 11 ಜಾಗದಲ್ಲಿ 15 ವರ್ಷ ಇದೇ ಲೋಟ ಹೂಳಿ ಎಣಿಸಿದ ಲೆಕ್ಕ 2012ರಲ್ಲಿ ಬಂತು. ನೋಡಿದ 68 ಜಾತೀಲಿ ಮುಕ್ಕಾಲು ಪಾಲು ಇಳಿಮುಖ, ಬೆಟ್ಟದ ಜಾಗದಲ್ಲಿ ಇನ್ನೂ ಜೋರು, ದಕ್ಷಿಣದ ಸುಣ್ಣಕಲ್ಲು ದಿಬ್ಬದ ಹುಲ್ಲಲ್ಲಿ ಮಾತ್ರ ಏರಿಕೆ. ಯಾರೋ ಮಳೇಲಿ ಮೊಣಕಾಲೂರಿ ಕೂತಿದ್ದಕ್ಕೇ ಇದು ಗೊತ್ತಾಗಿದ್ದು. ಯಜಮಾನ್ರಿಗೆ ಈ ಸಾಲು ತೋರಿಸಿ. ಲೋನಿನ ಬಡ್ಡಿ ಬಗ್ಗೆ ನಾನೇನೂ ಹೇಳಕ್ಕಾಗಲ್ಲ.

ಪ್ರಶ್ನೆ: ನಮ್ದು ಸಾಗರ ಕಡೆ. ಅಡಿಕೆ ತೋಟ, ಅದಕ್ಕೆ ಸೇರಿ ಎರಡು ಎಕರೆ ಬ್ಯಾಣ, ಅಂದ್ರೆ ಹುಲ್ಲುಗಾವಲು. ವರ್ಷಕ್ಕೊಂದೇ ಸಲ ಕರಡದ ಹುಲ್ಲು ಕೊಯ್ಯೋದು, ಮೊದಲು ಕತ್ತಿ, ಈಗ ವೀಡ್ ಕಟ್ಟರ್. ಕೊಯ್ಯೋವಾಗ ಹುಳ ಎಲ್ಲ ಸಾಯ್ತವಾ? ಸ್ವಲ್ಪ ಬಿಟ್ರೆ ತೋಟಕ್ಕೆ ಏನಾದ್ರೂ ಉಪಯೋಗ ಉಂಟಾ ಮಾರಾಯ್ರೆ?

ಉತ್ತರ: ಮಾರಾಯ್ರೆ, ನಿಮ್ಮ ಪದ್ಧತಿ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಕಣಿವೆಗಳ ಹಳೇ ರೈತರದ್ದೇ. ಅವರೂ ಜುಲೈ ತನಕ ಹುಲ್ಲು ಮುಟ್ಟಲ್ಲ, ಬೀಜ ಉದುರಿದ್ಮೇಲೆ ಒಂದೇ ಕೊಯ್ಲು. ಅಲ್ಲಿ ಸರ್ಕಾರ ಇದಕ್ಕೆ ದುಡ್ಡು ಕೊಟ್ಟು ಮಾಡಿಸುತ್ತೆ, ನೀವು ಬಿಟ್ಟಿ ಮಾಡ್ತಿದೀರಿ, ಅಷ್ಟೇ ವ್ಯತ್ಯಾಸ.

ಬ್ಲೇಡಿಗೆ ಸಿಕ್ಕಿ ಸಾಯೋದು ಮುಖ್ಯವಾಗಿ ಹುಲ್ಲಿನ ತುದೀಲಿರೋರು, ಮಿಡತೆ, ಕಂಬಳಿಹುಳ, ಜೇಡ. ನೆಲದ ಜೀರುಂಡೆ ಹಗಲಲ್ಲಿ ಬುಡದಲ್ಲೋ ಮಣ್ಣಿನ ಬಿರುಕಲ್ಲೋ ಇರುತ್ತೆ, ಬ್ಲೇಡ್ ಅದರ ತಲೆ ಮೇಲೇ ಹಾದು ಹೋಗುತ್ತೆ. ಅದಕ್ಕೆ ಏಟು ಬೀಳೋದು ಮಾರನೇ ದಿನ. ನಿನ್ನೆ ತನಕ ತಂಪಾಗಿದ್ದ ನೆಲ ಇವತ್ತು ಬಿಸಿಲಿಗೆ ಹಪ್ಪಳ, ಮರೆ ಇಲ್ಲ, ಕೋಳಿ, ಬೆಳ್ಳಕ್ಕಿ ಬಂದು ಹೆಕ್ಕುತ್ತೆ. ಹಾಗಾಗಿ ಪೂರ್ತಿ ಎರಡೆಕರೆ ಒಂದೇ ದಿನ ಬೋಳಿಸಬೇಡಿ. ನಾಲ್ಕು ಬೆರಳು ಬುಡ ಬಿಟ್ಟು ಕೊಯ್ಯಿ. ತೋಟದ ಪಕ್ಕ ಒಂದು ಮಾರು ಅಗಲದ ಪಟ್ಟಿ ಕೊಯ್ಯದೆ ಬಿಡಿ, ಮುಂದಿನ ವರ್ಷ ಆ ಪಟ್ಟಿ ಕೊಯ್ದು ಇನ್ನೊಂದು ಬಿಡಿ, ಇಲ್ಲಾಂದ್ರೆ ಅಲ್ಲಿ ಲಂಟಾನ, ಯುಪಟೋರಿಯಂ ಕಳೆ ಸೇರ್ಕೊಂಡು ನನಗೆ ಬೈತೀರಿ.

ಪಟ್ಟಿ ಬಿಡೋದು ನನ್ನ ತಲೆಯಿಂದ ಬಂದಿದ್ದಲ್ಲ. ಇಂಗ್ಲೆಂಡಲ್ಲಿ 1980ರ ದಶಕದ ಕೊನೇಲಿ ದೊಡ್ಡ ದೊಡ್ಡ ಗೋಧಿ ಹೊಲದ ಮಧ್ಯ ನಮ್ಮ ಬದುವಿನ ಹಾಗೆ ಮಣ್ಣಿನ ದಿಣ್ಣೆ ಎಬ್ಬಿಸಿ, ಮೊಳ ಎತ್ತರ ಅಷ್ಟೇ, ಅದರ ಮೇಲೆ ಪೊದೆ ಕಟ್ಟೋ ಹುಲ್ಲು ಬಿತ್ತಿದ್ರು. ಬೀಟಲ್ ಬ್ಯಾಂಕ್ ಅಂತ ಹೆಸರು, ದುಡ್ಡಿಡೋ ಬ್ಯಾಂಕ್ ಅಲ್ಲ. ಎರಡನೇ ಚಳಿಗಾಲಕ್ಕೆ ಅಗೆದು ನೋಡಿದ್ರೆ ಕೆಲವು ಕಡೆ ಒಂದು ಚದರ ಮೀಟರಿಗೆ ಸಾವಿರಕ್ಕೂ ಮೇಲೆ ಬೇಟೆಗಾರ ಜೀರುಂಡೆ, ಜೇಡ ಸೇರ್ಕೊಂಡಿದ್ವು, ವಸಂತ ಬಂದಾಗ ಅಲ್ಲಿಂದ ಹೊಲಕ್ಕಿಳಿದು ಗಿಡಹೇನು ತಿನ್ನೋಕೆ ಶುರು ಮಾಡ್ತವೆ. ನಮ್ಮಜ್ಜಂದಿರು ಬದು ಕಟ್ಟಿದ್ದು ನೀರಿಗೆ, ಆದ್ರೆ ಬದು ಹುಲ್ಲು ಕೆತ್ತಿ ಕ್ಲೀನ್ ಮಾಡೋ ಚಟ ಈಚಿನದು. ರೌಂಡಪ್ ಕಳೆನಾಶಕ ಹೊಡೆದು ಬದು ಕೆಂಪಗೆ ಮಾಡಿ ಫೋಟೋ ಹಾಕೋರನ್ನ ನೋಡಿದ್ರೆ ನನಗೆ ಮೈ ಉರಿಯುತ್ತೆ, ಇರ್ಲಿ.

ಆದ್ರೆ ಅಲ್ಲಿನ ಹುಳ ಬೇರೆ, ಇಲ್ಲಿನ ಹುಳ ಬೇರೆ, ಅಲ್ಲಿ ಹುಳ ಮರೆ ಹುಡುಕೋದು ಹಿಮಕ್ಕೆ, ನಿಮ್ಮಲ್ಲಿ ಬೇಸಿಗೆಗೆ. ಸುಮ್ನೆ ನಕಲು ಹೊಡೆಯೋ ಬದಲು ನೀವೇ ಎರಡು ಲೋಟ ಹೂತು ನೋಡಿ. ನಾನು ಹೋದ ಮಳೆಗಾಲ ಮನೆ ಹಿಂದೆ ಎರಡು ಐಸ್‌ಕ್ರೀಮ್ ಕಪ್ ಹೂತಿದ್ದೆ, ಒಂದು ಕತ್ತರಿಸಿದ ಹುಲ್ಲಲ್ಲಿ, ಒಂದು ಅಡಿಕೆ ಸಿಪ್ಪೆ ರಾಶಿ ಪಕ್ಕದ ಕಳೆ ಮಧ್ಯ. ಮೊದಲನೇದ್ರಲ್ಲಿ ಇರುವೆ, ಒಂದು ಚಿಮ್ಮಂಡೆ. ಎರಡನೇದ್ರಲ್ಲಿ ಎರಡು ಥರ ಕಪ್ಪು ಜೀರುಂಡೆ, ಒಂದು ದಪ್ಪ ಕಪ್ಪೆ. ಕಪ್ಪೆ ಹೊಟ್ಟೇಲಿ ಇನ್ನೆಷ್ಟು ಜಾತಿ ಇತ್ತೋ, ಆ ಡೇಟಾ ಹೋಯ್ತು.

ಬೆಂಕಿ ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಬ್ಯಾಣಕ್ಕೆ ಬೆಂಕಿ ಹಾಕಿದ್ರೆ ಆಳದಲ್ಲಿರೋನು ಬದುಕ್ಕೋಬಹುದು, ಒಣ ತರಗಿನ ಅಡಿ ಇರೋನು ಬದುಕಲ್ಲ, ಬದುಕಿದವನಿಗೂ ಬೂದಿ ಬಿಟ್ರೆ ಮರೆ ಇಲ್ಲ. ಹಾಕಲೇಬೇಕು ಅಂದ್ರೆ ತುಂಡು ತುಂಡಾಗಿ.

ಪ್ರಶ್ನೆ: ಆ ಕ್ಯಾರಾಬಸ್ ಬಸವನಹುಳು ತಿನ್ನುತ್ತೆ ಅಂತ ಯೂಟ್ಯೂಬಲ್ಲಿ ನೋಡಿದೆ. ನಮ್ಮ ತೋಟದಲ್ಲಿ ಆಫ್ರಿಕನ್ ಬಸವನಹುಳು ವಿಪರೀತ. ಆ ಹುಳಾನ ತರಿಸಿ ಬಿಡಬಹುದಾ?

ಉತ್ತರ: ಬೇಡವೇ ಬೇಡ. ಇದೇ ಆಫ್ರಿಕನ್ ಬಸವನಹುಳು ತಿನ್ನಲಿ ಅಂತ 1955ರಲ್ಲಿ ಹವಾಯಿಗೆ, ಆಮೇಲೆ 1970ರ ದಶಕದಲ್ಲಿ ತಾಹಿತಿ ಕಡೆಗೆ ಫ್ಲೋರಿಡಾದ ಬೇಟೆಗಾರ ಬಸವನಹುಳು ಒಂದನ್ನ ತಂದು ಬಿಟ್ರು. ಅದು ದೊಡ್ಡದನ್ನ ಬಿಟ್ಟು ತಾಹಿತಿ ಕಡೆಯ ಮರದ ಮೇಲಿನ ಪುಟ್ಟ ಪಾರ್ಟುಲಾ ಬಸವನಹುಳುಗಳನ್ನ ತಿಂದು ಎಷ್ಟೋ ಜಾತಿ ಕಾಡಿನಿಂದ ನಿರ್ನಾಮ ಮಾಡ್ತು. ಜೊತೆಗೆ ಚಳಿ ದೇಶದ ಜೀರುಂಡೆ ನಿಮ್ಮ ತೋಟದ ಏಪ್ರಿಲ್ ನೋಡಿದ್ರೆ ಅಲ್ಲೇ ಮಲಗಿಬಿಡುತ್ತೆ. ಸಂಜೆ ಹೊತ್ತು ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯ ಎಲೆ, ಎಲೆಕೋಸಿನ ಸಿಪ್ಪೆ ಇಟ್ಟು, ಬೆಳಿಗ್ಗೆ ಗ್ಲೌಸ್ ಹಾಕ್ಕೊಂಡು ಹೆಕ್ಕಿ ಉಪ್ಪು ನೀರಿಗೆ ಹಾಕಿ. ಅಕ್ಕಪಕ್ಕದ ತೋಟದವರೂ ಒಟ್ಟಿಗೆ ಮಾಡಿದ್ರೆ ಮಾತ್ರ ಫಲ.

ಪ್ರಶ್ನೆ: ಚಿತ್ರದುರ್ಗದ ಕಡೆ ಕಾವಲಲ್ಲಿ ಕುರಿ ಬಿಟ್ಟಿದ್ವಿ. ಹೆಬ್ಬೆರಳುದ್ದ ಕರೀ ಹುಳ, ಮೈಮ್ಯಾಲೆ ಆರು ಬಿಳೀ ಚುಕ್ಕಿ. ನಮ್ ಹುಡುಗ ಕಡ್ಡೀಲಿ ಕೆಣಕಿದ, ಹಿಂದಿಂದ ಏನೋ ಚಿಮ್ಮಿಸ್ತು, ಕಣ್ಣು ಉರಿ ಉರಿ. ವಿಷಾನಾ ಸಾರ್?

ಉತ್ತರ: ಅದು ಆಂಥಿಯಾ ಸೆಕ್ಸ್‌ಗುಟಾಟಾ, ಎದೆ ಮೇಲೆ ಎರಡು ಚುಕ್ಕಿ, ಬೆನ್ನ ಮೇಲೆ ನಾಲ್ಕು. ಇದೂ ಅದೇ ಜೀರುಂಡೆ ಬಳಗದ್ದೇ. ಚಿಮ್ಮಿಸೋದು ಫಾರ್ಮಿಕ್ ಆಮ್ಲ, ಇರುವೆ ಹತ್ರ ಇರೋದೇ, ಆದ್ರೆ ಪಿಚಕಾರಿ ದೊಡ್ಡದು. ಕಣ್ಣಿಗೆ ಬಿದ್ರೆ ಉಜ್ಜಬೇಡಿ, ತಕ್ಷಣ ಚೆನ್ನಾಗಿರೋ ನೀರನ್ನ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಹುಯ್ಯಿ, ಆಮೇಲೆ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು. ಹುಡುಗನಿಗೆ ಇನ್ನೂ ಉರಿ, ಮಂಜು ಏನಾದ್ರೂ ಇದ್ರೆ ಇವತ್ತೇ ಕರ್ಕೊಂಡು ಹೋಗಿ.

ಒಂದು ಮಾತು. ಆ ಚುಕ್ಕಿ ಹುಳಕ್ಕೂ ಹಾರೋಕೆ ಬರಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಅರಸರ ದನದ ಇಲಾಖೆ, ಟಿಪ್ಪು ಕಾಲಕ್ಕೆ ಅಮೃತ ಮಹಲ್ ಅಂತಾಯ್ತಲ್ಲ, ಆ ದನಗಳಿಗೆ ಅಂತ ಮೀಸಲಿಟ್ಟ ಕಾವಲುಗಳು ನೂರಾರು ವರ್ಷ ನೇಗಿಲು ಕಾಣದೆ ಉಳಿದ್ವು. ಮೇಯ್ಸೋದು ಇತ್ತು, ಉಳೋದು ಇರಲಿಲ್ಲ. ಸ್ಕಾಟ್ಲೆಂಡ್ ಗುಡ್ಡದ ಕ್ಯಾರಾಬಸ್‌ಗೆ ಬೇಕಾದ್ದೂ ಅಷ್ಟೇ. ಕಾವಲು ತುಂಡಾಗಿ ಮಧ್ಯ ರೋಡು, ಬೇಲಿ, ಸೋಲಾರ್ ಪ್ಲೇಟು ಬಂದ್ರೆ ಹಕ್ಕಿ ಹಾರಿ ಆಚೆ ಹೋಗುತ್ತೆ, ನಡ್ಕೊಂಡು ಹೋಗೋನು ಇದ್ದಲ್ಲೇ ಮುಗೀತಾನೆ. ಹುಡುಗನಿಗೆ ಹೇಳಿ, ದೂರದಿಂದ ನೋಡು, ಕೆಣಕಬೇಡ.

ಪ್ರಶ್ನೆ: ಅಂಕಲ್, ನಾನು 9ನೇ ಕ್ಲಾಸ್, ಮೈಸೂರು. ಪ್ರಪಂಚದಲ್ಲಿ ಈ ಜೀರುಂಡೆ ಎಷ್ಟು ಥರ ಇದೆ? ಸೈನ್ಸ್ ಎಕ್ಸಿಬಿಷನ್‌ಗೆ ನಾನೂ ಲೋಟ ಹೂಳಬಹುದಾ? ಕೈಯಲ್ಲಿ ಹಿಡಿದ್ರೆ ಕಚ್ಚುತ್ತಾ?

ಉತ್ತರ: ಪುಟ್ಟಾ, ನೆಲದ ಜೀರುಂಡೆ ಸುಮಾರು 40,000 ಜಾತಿ. ದೊಡ್ಡವು ಚಿವುಟುತ್ತವೆ, ಕೆಲವು ನಾತ ಬಿಡ್ತವೆ, ಗದ್ದೆ ಬದೂಲಿ ಕಲ್ಲಡಿ ಇರೋ ಬೊಂಬಾರ್ಡಿಯರ್ ಅನ್ನೋದು ಟಪ್ ಅಂತ ಶಬ್ದ ಮಾಡಿ ಕುದಿಯೋ ನೀರಷ್ಟು ಬಿಸಿ ದ್ರವ ಹೊಡೆಯುತ್ತೆ, ಬೆರಳಲ್ಲಿ ಕಂದು ಕಲೆ ಉಳಿಯುತ್ತೆ. ಚಾರ್ಲ್ಸ್ ಡಾರ್ವಿನ್ ಕೇಂಬ್ರಿಡ್ಜಲ್ಲಿ ಓದೋವಾಗ ಒಂದು ದಿನ ಮರದ ತೊಗಟೆ ಕಿತ್ತು ಎರಡು ಕೈಲಿ ಎರಡು ಅಪರೂಪದ ಜೀರುಂಡೆ ಹಿಡಿದಿದ್ದ, ಅಷ್ಟರಲ್ಲಿ ಮೂರನೇದು ಕಾಣಿಸ್ತು, ಬಿಡೋಕೆ ಮನಸ್ಸಿಲ್ಲದೆ ಬಲಗೈಯಲ್ಲಿದ್ದಿದ್ದನ್ನ ಬಾಯಿಗೆ ಹಾಕ್ಕೊಂಡ. ಅದು ನಾಲಿಗೆ ಸುಡೋ ರಸ ಬಿಡ್ತು, ಉಗುಳಿದ, ಅದೂ ಹೋಯ್ತು, ಮೂರನೇದೂ ಹೋಯ್ತು. ನೀನು ಬಾಯಿಗೆ ಹಾಕ್ಕೋಬೇಡ, ಚಮಚ ಬಳಸು.

ಲೋಟ ಖಂಡಿತ ಹೂಳು, ಆದ್ರೆ ದ್ರವ ಏನೂ ಹಾಕಬೇಡ, ತಳಕ್ಕೆ ಎರಡು ಒಣ ಎಲೆ ಮಾತ್ರ, ನೀರು ನಿಲ್ಲಬಾರ್ದು ಅಂತ ಸೂಜೀಲಿ ತೂತು. ಮೇಲೆ ನಾಲ್ಕು ಕಲ್ಲಿನ ಮೇಲೆ ಒಂದು ಹಂಚಿನ ಚೂರು ಇಡು. ಶಾಲೆ ಫೀಲ್ಡಿನ ಕತ್ತರಿಸಿದ ಹುಲ್ಲಲ್ಲಿ ಐದು, ಕಾಂಪೌಂಡ್ ಪಕ್ಕದ ಉದ್ದ ಹುಲ್ಲಲ್ಲಿ ಐದು. ಸಂಜೆ ಇಟ್ಟು ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ನೋಡು, ಫೋಟೋ ತೆಗಿ, ಅಲ್ಲೇ ಬಿಟ್ಬಿಡು. ಎಷ್ಟು ಅಂತ ಒಂದು ಕಾಲಂ, ಎಷ್ಟು ಥರ ಅಂತ ಇನ್ನೊಂದು ಕಾಲಂ, ಎರಡನ್ನೂ ಬೇರೆ ಬೇರೆ ಬರಿ, ಹಾಸನದ ಆಂಟಿಗೆ ಕೊಟ್ಟ ಉತ್ತರ ಓದಿದ್ರೆ ಯಾಕೆ ಅಂತ ಗೊತ್ತಾಗುತ್ತೆ. ಮುಗಿದ್ಮೇಲೆ ಹತ್ತೂ ಲೋಟ ತೆಗೆದು ಗುಂಡಿ ಮುಚ್ಚು, ಖೋ ಖೋ ಆಡೋರ ಕಾಲು ಸಿಕ್ಕಿಹಾಕ್ಕೊಂಡ್ರೆ ಪಿಟಿ ಮೇಷ್ಟ್ರು ನಮ್ಮಿಬ್ಬರನ್ನೂ ಬಿಡಲ್ಲ.